ರುಚಿಗೂ ಒಂದು ಆಕರ ಗ್ರಂಥ

‘ದಾವಣಗೆರೆ ಬೆಣ್ಣೆ ದೋಸೆ’ ಎಂಬ ಫಲಕ ಈಗ ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಕಾಣಿಸುತ್ತದೆ. ಫಲಕದ ಹಿಂದಿನ ಅಡುಗೆಮನೆಯಲ್ಲಿ ಅಕ್ಕಿ, ಉದ್ದಿನ ಜೊತೆ ಮಂಡಕ್ಕಿಯನ್ನೂ ನೆನೆಸಿ ರುಬ್ಬಿದ್ದಾರೆಯೇ, ಹೆಂಚಿನಡಿ ಉರಿಯುವುದು ಸೌದೆಯೋ ಗ್ಯಾಸೋ, ಮೇಲೆ ಹಾಕುವುದು ಬೆಣ್ಣೆಯೋ ಬೆಣ್ಣೆಯಂತೆ ಕಾಣುವ ಇನ್ನೊಂದೋ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ದಾವಣಗೆರೆಯಲ್ಲೇ ವಿಚಾರಿಸಿದರೂ ಕಥೆ ಪೂರ್ತಿ ಒಂದಾಗುವುದಿಲ್ಲ. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಎಂಬ ತಾಯಿ ನಾಟಕದ ಥಿಯೇಟರಿನ ಬಳಿ ದೋಸೆ ಹುಯ್ಯಲು ಕೂತರು, ಮೊದಲು ಅದು ರಾಗಿ ಹಿಟ್ಟಿನದಾಗಿತ್ತು, ಅಕ್ಕಿಗೆ ಬದಲಾದದ್ದು ಮಕ್ಕಳ ಕಾಲದಲ್ಲಿ ಎಂಬುದು ಊರಿನಲ್ಲಿ ಹೆಚ್ಚು ಕೇಳಿಬರುವ ಕಥೆ. ಇಷ್ಟು ಹೆಸರಾದ ತಿನಿಸಿನ ವಿಚಾರದಲ್ಲಿ ತಕರಾರು ಬಂದರೆ ನಾವು ನೆಚ್ಚುವುದು ಬಾಯಿಮಾತನ್ನೇ. ರುಚಿಯ ವಿಷಯವೇ ಹಾಗೆ, ಅದನ್ನು ಬರೆದಿಡಲು ಬಾರದು ಎಂದು ಹಲವರು ನಂಬಿದ್ದಾರೆ. ಆ ನಂಬಿಕೆ ಸರಿಯಲ್ಲ. ರುಚಿಯ ಬಗ್ಗೆ ಹೊಣೆಯರಿತು, ಪ್ರಮಾಣ ಕೊಟ್ಟು ಬರೆಯಬಹುದು. ಹಾಗೆ ಬರೆದ ಗ್ರಂಥ ಆ ಪದಾರ್ಥವನ್ನು ಅದರ ಹೆಸರಿನ ದುರುಪಯೋಗದಿಂದ ಕಾಯುತ್ತದೆ. ಇದಕ್ಕೆ ಅತಿ ದೊಡ್ಡ ಸಾಕ್ಷಿ ನಮ್ಮ ಊಟದ ಎಲೆಯಿಂದ ಬಹಳ ದೂರದ ವೈನ್ ಲೋಕದಲ್ಲಿದೆ.

‘ದಿ ಆಕ್ಸ್‌ಫರ್ಡ್ ಕಂಪ್ಯಾನಿಯನ್ ಟು ವೈನ್’ ಮೊದಲು ಪ್ರಕಟವಾದದ್ದು 1994ರಲ್ಲಿ. ಸಂಪಾದಕಿ ಬ್ರಿಟನ್ನಿನ ಜಾನ್ಸಿಸ್ ರಾಬಿನ್‌ಸನ್. ವೈನ್ ಪರಿಣತಿಯ ಅತ್ಯಂತ ಕಠಿಣ ಪರೀಕ್ಷೆಯಾದ ‘ಮಾಸ್ಟರ್ ಆಫ್ ವೈನ್’ ಅನ್ನು ವ್ಯಾಪಾರದ ಹೊರಗಿದ್ದುಕೊಂಡು ಮೊದಲು ಗೆದ್ದವರು ಅವರು, 1984ರಲ್ಲಿ. ಮಾರುವವರ ಹಂಗಿಲ್ಲದ ಒಬ್ಬ ಪತ್ರಕರ್ತೆ ಈ ಕೆಲಸಕ್ಕೆ ಕೈಹಾಕಿದ್ದು ಪುಸ್ತಕದ ಗುಣವನ್ನೇ ನಿರ್ಧರಿಸಿತು. ನಿಘಂಟಿನಂತೆ ಅಕಾರಾದಿಯಾಗಿ ಜೋಡಿಸಿದ ನಮೂದುಗಳು ಇಂದು ನಾಲ್ಕು ಸಾವಿರ ದಾಟಿವೆ. ಯಾವ ಬಾಟಲಿ ಚೆನ್ನ, ಯಾವುದು ದುಬಾರಿ ಎಂಬ ಪಟ್ಟಿ ಅಲ್ಲಿಲ್ಲ. ಮಣ್ಣು, ಮಳೆ, ಬಳ್ಳಿಯ ಬೇರನ್ನು ಕೊರೆಯುವ ಫಿಲಾಕ್ಸೆರಾ ಕೀಟ, ಹುದುಗುವಿಕೆಯ ರಸಾಯನ, ಪೀಪಾಯಿಯ ಓಕ್ ಮರ, ಬಾಟಲಿಯ ಬಿರಡೆ, ದೇಹದ ಮೇಲಿನ ಪರಿಣಾಮ, ಎಲ್ಲಕ್ಕೂ ಜಾಗವಿದೆ. ಕಲಬೆರಕೆ ಮತ್ತು ಮೋಸಕ್ಕೆಂದೇ ಒಂದು ನಮೂದಿದೆ. ಒಂದು ನಮೂದು ಓದುತ್ತಿದ್ದರೆ ಅದು ಇನ್ನೊಂದರತ್ತ ಕೈತೋರಿಸುತ್ತದೆ. ಹೀಗೆ ಸಾಗಿದ ಓದುಗನಿಗೆ ಪದಾರ್ಥದ ಹಿಂದಿರುವ ರೈತ, ರಸಾಯನಜ್ಞ, ಕಾನೂನು, ದಲ್ಲಾಳಿ ಎಲ್ಲರೂ ಎದುರಾಗುತ್ತಾರೆ. 1999, 2006, 2015ರಲ್ಲಿ ಪರಿಷ್ಕರಣೆಗಳು ಬಂದವು. 2023ರ ಐದನೆಯದಕ್ಕೆ ಜೂಲಿಯಾ ಹಾರ್ಡಿಂಗ್ ಮುಖ್ಯ ಸಂಪಾದಕಿ. ತಪ್ಪಿದ್ದರೆ ಮುಂದಿನ ಆವೃತ್ತಿಯಲ್ಲಿ ತಿದ್ದಬೇಕಾದ ಭಾರ ಹೆಸರಿರುವ ಒಬ್ಬರ ಮೇಲಿದೆ ಎಂಬುದೇ ಇಂಥ ಗ್ರಂಥದ ಜೀವಾಳ.

ಆಕರ ಗ್ರಂಥ ಏನು ಮಾಡಬಲ್ಲದು ಎಂಬುದಕ್ಕೆ ಕರ್ನಾಟಕದ ಒಂದು ಹಣ್ಣನ್ನೇ ನೋಡಬಹುದು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿ ನಮಗೆ ಊರಿನ ಸ್ವಂತ ಹಣ್ಣು. ಅದಕ್ಕೆ ಭೌಗೋಳಿಕ ಸೂಚಿಕೆಯೂ ಸಿಕ್ಕಿದೆ. ದ್ರಾಕ್ಷಿ ತಳಿಗಳ ವಂಶಾವಳಿಯನ್ನು ಹುಡುಕುವವರಿಗೆ ಇದು ಇಸಬೆಲ್ಲಾ, ಅಮೆರಿಕದಲ್ಲಿ ಹುಟ್ಟಿದ ಮಿಶ್ರತಳಿ. ರಾಬಿನ್‌ಸನ್, ಹಾರ್ಡಿಂಗ್ ಮತ್ತು ಸ್ವಿಸ್ ತಳಿವಿಜ್ಞಾನಿ ಹೋಸೆ ವುಯಾಮೋಜ್ ಸೇರಿ 2012ರಲ್ಲಿ ತಂದ ‘ವೈನ್ ಗ್ರೇಪ್ಸ್’ 1,368 ತಳಿಗಳ ಹುಟ್ಟನ್ನು ಡಿಎನ್‌ಎ ಸಾಕ್ಷ್ಯದೊಂದಿಗೆ ವಿವರಿಸುತ್ತದೆ. ಯುರೋಪಿನ ಬಳ್ಳಿಗಳನ್ನು ಕೆಡಿಸುವ ಬೂಷ್ಟು ರೋಗಗಳನ್ನು ಇಸಬೆಲ್ಲಾ ತಾಳಿಕೊಳ್ಳುತ್ತದೆ. ಮಳೆ ಹೆಚ್ಚಿದ್ದಲ್ಲೂ ಅದು ಉಳಿದು ಬಂದದ್ದಕ್ಕೆ ಅದೇ ಕಾರಣ. ಆದರೆ ಅದರ ರಸದಲ್ಲಿ ಒಂದು ಗಾಢ ವಾಸನೆ ಇರುತ್ತದೆ. ನಮಗೆ ಅದೇ ದ್ರಾಕ್ಷಿಯ ಪರಿಮಳ, ಫ್ರೆಂಚರ ಮೂಗಿಗೆ ಅದೇ ದೋಷ. ಫ್ರಾನ್ಸ್ 1930ರ ದಶಕದಲ್ಲೇ ಈ ತಳಿಯಿಂದ ವೈನ್ ಮಾಡಿ ಮಾರುವುದನ್ನು ನಿಷೇಧಿಸಿತು, ಮುಂದೆ ಯುರೋಪಿನ ಒಕ್ಕೂಟವೂ ಅದೇ ದಾರಿ ಹಿಡಿಯಿತು. ಉದ್ಯಮಿ ಕನ್ವಲ್ ಗ್ರೋವರ್ 1988ರಲ್ಲಿ ನಂದಿಬೆಟ್ಟದ ತಪ್ಪಲಿನಲ್ಲಿ ಫ್ರೆಂಚ್ ತಳಿಗಳನ್ನು ನೆಡಿಸಿದ್ದರ ಅರ್ಥವಾಗುವುದು ಈ ಹಿನ್ನೆಲೆಯಲ್ಲಿ. ನೀಲಿ ದ್ರಾಕ್ಷಿ ಜ್ಯೂಸಿಗೂ ಸಿಹಿ ವೈನಿಗೂ ಮೀಸಲಾಗಿ, ದೂರದ ಮಾರುಕಟ್ಟೆಗೆ ಬೇರೆ ತಳಿ ಬೇಕಾದದ್ದೇಕೆ ಎಂದು ಕೇಳುವ ಬೆಳೆಗಾರನಿಗೆ ಉತ್ತರ ಇಂಥ ಗ್ರಂಥದಲ್ಲಿದೆ. ಹಣ್ಣಿನ ಮೇಲಿನ ಅಭಿಮಾನ ಇದರಿಂದ ಕುಗ್ಗಬೇಕಾಗಿಲ್ಲ.

ರುಚಿಯನ್ನು ಹೀಗೆ ಬರೆದಿಡುವುದು ಪಶ್ಚಿಮದಿಂದ ಕಲಿಯಬೇಕಾದ ವಿದ್ಯೆ ಎಂದು ಯಾರೂ ತಿಳಿಯಬಾರದು. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೂರನೆಯ ದಶಕದ ಹೊತ್ತಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ನೂರು ಅಧ್ಯಾಯಗಳ ವಿಶ್ವಕೋಶ, ಇಪ್ಪತ್ತರಂತೆ ಐದು ವಿಂಶತಿಗಳು. ಅನ್ನಭೋಗದ ಭಾಗದಲ್ಲಿ ದೋಸಕ, ಇಡ್ಡರಿಕಗಳ ವಿವರವಿದೆ. ಪಾನೀಯಭೋಗದಲ್ಲಿ ನೀರಿನ ಬಗೆಗಳಿವೆ. ಕೊನೆಯ ವಿಂಶತಿಯ ಇಪ್ಪತ್ತು ಕ್ರೀಡೆಗಳಲ್ಲಿ ಮದಿರಾಪಾನವೂ ಒಂದು. ದ್ರಾಕ್ಷಿ, ಕಬ್ಬು, ತಾಳೆ, ಖರ್ಜೂರದಂಥವುಗಳಿಂದ ತೆಗೆದ ಮದ್ಯಗಳನ್ನು ಅರಸ ಅಲ್ಲಿ ಸಂಕೋಚವಿಲ್ಲದೆ ಹೆಸರಿಸುತ್ತಾನೆ. ಅವನಿಗಿಂತ ಸುಮಾರು ನೂರು ವರ್ಷ ಮುಂಚೆ, 1025ರ ಹೊತ್ತಿಗೆ, ಚಾವುಂಡರಾಯ ಕನ್ನಡದಲ್ಲೇ ‘ಲೋಕೋಪಕಾರ’ ಬರೆದು ನೀರು ಹುಡುಕುವ ಬಗೆ, ಮರಗಿಡಗಳ ಚಿಕಿತ್ಸೆ, ಸುಗಂಧ, ಅಡುಗೆಗಳನ್ನು ಒಟ್ಟಿಗೆ ತಂದಿದ್ದ. 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸ ಅಡುಗೆಗೆಂದೇ ‘ಸೂಪಶಾಸ್ತ್ರ’ ಬರೆದ. ಈ ಪರಂಪರೆಯನ್ನೆಲ್ಲ ನಮ್ಮ ಕಾಲದಲ್ಲಿ ಒಂದೆಡೆ ತಂದವರು ಕೊಳ್ಳೇಗಾಲದಲ್ಲಿ ಹುಟ್ಟಿದ ಕೆ. ಟಿ. ಅಚಯ (1923–2002). ವೃತ್ತಿಯಿಂದ ಎಣ್ಣೆಗಳ ರಸಾಯನಶಾಸ್ತ್ರಜ್ಞರು, ಹೈದರಾಬಾದಿನ ಪ್ರಯೋಗಾಲಯದಲ್ಲಿ ದುಡಿದವರು. ಅವರ ‘ಇಂಡಿಯನ್ ಫುಡ್: ಎ ಹಿಸ್ಟಾರಿಕಲ್ ಕಂಪ್ಯಾನಿಯನ್’ ಹೊರಬಂದದ್ದೂ 1994ರಲ್ಲೇ, ಆಕ್ಸ್‌ಫರ್ಡ್ ಮುದ್ರಣಾಲಯದಿಂದಲೇ. 1998ರಲ್ಲಿ ಅದರ ಬೆನ್ನಿಗೆ ಅಕಾರಾದಿಯ ಕೋಶವೂ ಬಂತು.

ಅಚಯರ ಪುಸ್ತಕದ ಗುಣ ಕಾಣುವುದು ನಾವು ಖಚಿತವೆಂದುಕೊಂಡದ್ದನ್ನು ಅವರು ಪರೀಕ್ಷೆಗೆ ಒಡ್ಡುವಲ್ಲಿ. 10ನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಉಲ್ಲೇಖವಿದೆ ಎಂದ ಕೂಡಲೇ ಇಂದಿನ ಇಡ್ಲಿಗೆ ಸಾವಿರ ವರ್ಷ ತುಂಬಿತು ಎನ್ನುವ ಆತುರ ನಮ್ಮದು. ಅಚಯರು ತಡೆದು ಹೇಳುವುದೇನೆಂದರೆ, ಹಳೆಯ ವಿವರಣೆಗಳಲ್ಲಿ ಉದ್ದು ಇದೆ, ಅಕ್ಕಿಯಿಲ್ಲ. ರಾತ್ರಿಯೆಲ್ಲ ಹುಳಿಬರಿಸುವ ಮಾತಿಲ್ಲ. ಹಬೆಯಲ್ಲಿ ಬೇಯಿಸುವುದೂ ಇಲ್ಲ. ದೋಸಕವೂ ಬೇಳೆಕಾಳುಗಳದೇ. ಹೀಗೆ ಓದಿದರೆ ದಾವಣಗೆರೆಯಲ್ಲಿ ರಾಗಿ ದೋಸೆ ಅಕ್ಕಿಯದಾಗಿ, ಅಕ್ಕಿಗೆ ಮಂಡಕ್ಕಿ ಸೇರಿ ಬದಲಾಯಿತು ಎಂಬ ಊರಿನ ಕಥೆ ಅವಮಾನದ್ದಾಗಿ ಕಾಣುವುದಿಲ್ಲ. ತಿನಿಸುಗಳು ಬದಲಾಗುತ್ತಲೇ ಬಂದಿವೆ, ಯಾವಾಗ ಏಕೆ ಬದಲಾದವು ಎಂಬುದೇ ಅವುಗಳ ಚರಿತ್ರೆ.

ಇಂಥ ಗ್ರಂಥಗಳಿಗೆ ಬರುವ ಮೊದಲ ಆಕ್ಷೇಪ ನೈತಿಕವಾದದ್ದು, ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಕುಡಿತದಿಂದ ಮನೆಗಳು ಹಾಳಾದದ್ದನ್ನು ಕಂಡ ನಾಡಿದು. ಮದ್ಯದ ಮೇಲೊಂದು ದೊಡ್ಡ ಗ್ರಂಥವನ್ನು ಹೊಗಳುವುದು ಅದಕ್ಕೆ ಮರ್ಯಾದೆ ತಂದುಕೊಟ್ಟಂತಲ್ಲವೇ ಎಂದು ಕೇಳುವವರಿದ್ದಾರೆ. 2007ರಲ್ಲಿ ಕರ್ನಾಟಕ ಸರ್ಕಾರ ಸಾರಾಯಿಯನ್ನು ನಿಷೇಧಿಸಿತು, ಅದೇ ವರ್ಷ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದಿತು. ಒಂದನ್ನು ಮುಚ್ಚಿ ಇನ್ನೊಂದನ್ನು ಪ್ರೋತ್ಸಾಹಿಸಿದ್ದು ಸರಿಯೇ ಎಂಬ ಚರ್ಚೆ ಬೇಕು. ಆದರೆ ಆ ಚರ್ಚೆ ನಡೆಯಬೇಕಾದರೂ ಎರಡರಲ್ಲೂ ಇರುವುದೇನು, ಆಲ್ಕೋಹಾಲ್ ಎಷ್ಟು, ದೇಹಕ್ಕೇನಾಗುತ್ತದೆ, ಲಾಭ ಬೆಳೆಗಾರನಿಗೆಷ್ಟು ಎಂಬ ತಿಳಿವಳಿಕೆ ಬೇಕೇ ಬೇಕು. ಜಾಹೀರಾತು ಆ ತಿಳಿವಳಿಕೆ ಕೊಡುವುದಿಲ್ಲ, ಉಪದೇಶವೂ ಕೊಡುವುದಿಲ್ಲ. ಕುಡಿಯದವನಿಗೂ ವೈನ್ ಕೋಶ ಓದಲು ಕಾರಣವಿದೆ. ಕಲಬೆರಕೆಯ ಬಗ್ಗೆ ಅಷ್ಟು ಬಿಚ್ಚಿ ಬರೆದದ್ದು ಬೆಣ್ಣೆಯ ವಿಷಯದಲ್ಲೂ ನಮಗಿದ್ದಿದ್ದರೆ ಎಂದು ಅವನಿಗೆ ಅನ್ನಿಸದಿರದು.

ಎರಡನೆಯ ಆಕ್ಷೇಪ ಬಾಣಸಿಗರದು: ಕೈಗುಣವನ್ನು ಪುಸ್ತಕದಲ್ಲಿ ಹಿಡಿಯಲಾಗದು. ಇದರಲ್ಲಿ ಸತ್ಯಾಂಶವಿದೆ. ಹೆಂಚು ಕಾದದ್ದನ್ನು ನೀರು ಚಿಮುಕಿಸಿ ಅರಿಯುವ ಜಾಣ್ಮೆ ಓದಿನಿಂದ ಬರುವುದಿಲ್ಲ. ಆದರೆ ಕೈಗುಣಕ್ಕೆ ಆಧಾರವಾದ ಅಕ್ಕಿಯ ತಳಿ, ನೆನೆಸುವ ಹೊತ್ತು, ಬೆಣ್ಣೆ ಬರುವ ಊರು, ಉರಿಯ ಬಗೆ, ಇವೆಲ್ಲ ಬರಹಕ್ಕೆ ಸಿಕ್ಕುವಂಥವೇ. ಬರೆದಿಡದೆ ಹೋದರೆ ಏನಾಗುತ್ತದೆ ಎಂಬುದನ್ನು ದಾವಣಗೆರೆಯ ಪಕ್ಕದ ಹರಿಹರ ಬಲ್ಲದು. 1941ರಲ್ಲಿ ಅಲ್ಲಿ ನೆಲೆಯೂರಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶದ ಉದ್ದಗಲಕ್ಕೂ ಲೇತ್ ಯಂತ್ರಗಳನ್ನು ಕಳಿಸಿತು. ಯಂತ್ರದ ಅಳತೆಗಳಿಗೆ ನಕ್ಷೆ, ಕೈಪಿಡಿಗಳಿದ್ದವು. ಹತ್ತಾರು ವರ್ಷ ಒಂದೇ ಯಂತ್ರದ ಮುಂದೆ ನಿಂತವರ ತಿಳಿವಳಿಕೆ ಬಹುಪಾಲು ಅವರ ಬಳಿಯೇ ಇತ್ತು, ಕಾರ್ಖಾನೆ ಮುಚ್ಚಿದಾಗ ಅದು ಅವರೊಡನೆ ಚದುರಿತು. ಆದರೆ ಅದೇ ಊರಿನ ಹರಿಹರೇಶ್ವರ ದೇಗುಲವನ್ನು ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ್ದು ನಮಗೆ ಗೊತ್ತಿರುವುದು ಶಾಸನದಿಂದ. ಆ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಚಿತ್ರದುರ್ಗ ಸಂಪುಟದಲ್ಲಿ ಅಚ್ಚು ಹಾಕಿಸಿದ್ದರಿಂದಲೇ ಯಾವ ಊರಿನ ವಿದ್ಯಾರ್ಥಿಯಾದರೂ ಅವನ್ನು ಓದಬಲ್ಲ.

ಇವೆಲ್ಲ ಅರಸರ, ಉಳ್ಳವರ ಗ್ರಂಥಗಳು ಎಂಬ ಮೂರನೆಯ ಮಾತನ್ನು ಒಪ್ಪಲೇಬೇಕು. ‘ಮಾನಸೋಲ್ಲಾಸ’ದಲ್ಲಿ ಉಣ್ಣುವ ದೊರೆ ಕಾಣುತ್ತಾನೆ, ಒಲೆಯ ಮುಂದಿನವರು ಕಾಣುವುದು ಕಡಿಮೆ. ಅಚಯರೂ ಸಾಹಿತ್ಯದ ಸಾಕ್ಷ್ಯವನ್ನು ನೆಚ್ಚಿದಷ್ಟು ಬೀದಿಯ ಅಡುಗೆಮನೆಗಳನ್ನು ನೆಚ್ಚಲಿಲ್ಲ. ಇದು ಹೊಸ ಗ್ರಂಥ ಬೇಕೆನ್ನಲು ಕಾರಣವೇ ಹೊರತು ಬೇಡವೆನ್ನಲು ಅಲ್ಲ. ಫೋನಿನಲ್ಲಿ ಎಲ್ಲ ಸಿಗುತ್ತದೆ ಎಂಬ ಮಾತಿಗೆ ಹೆಚ್ಚು ಹೇಳಬೇಕಾಗಿಲ್ಲ. ಅಲ್ಲಿ ಸಿಗುವ ನೂರು ದೋಸೆ ವಿಡಿಯೊಗಳು ಒಂದನ್ನೊಂದು ಅಲ್ಲಗಳೆದರೆ ಅವುಗಳ ನಡುವೆ ತೀರ್ಪು ಹೇಳುವ ಸಂಪಾದಕರಿಲ್ಲ.

ಹಾಗಾದರೆ ದಾವಣಗೆರೆ–ಹರಿಹರದ ತಿನಿಸುಗಳ ಕೋಶದಲ್ಲಿ ಏನಿರಬೇಕು? ಬೆಣ್ಣೆ ದೋಸೆಯ ನಮೂದು ಚೆನ್ನಮ್ಮನ ಕಥೆಯ ಎಲ್ಲ ಪಾಠಗಳನ್ನೂ ಕೊಟ್ಟು, ಯಾವುದಕ್ಕೆ ದಾಖಲೆಯಿದೆ, ಯಾವುದು ಬಾಯಿಮಾತು ಎಂದು ಬೇರ್ಪಡಿಸಬೇಕು. ಜೊತೆಗೆ ಕೊಡುವ ಕಾಯಿಚಟ್ನಿ, ಆಲೂಗಡ್ಡೆ ಪಲ್ಯಕ್ಕೂ ಸಾಲುಗಳಿರಬೇಕು. ಮಂಡಕ್ಕಿಯ ನಮೂದು ಭದ್ರಾ ನಾಲೆಯ ಭತ್ತದಿಂದ ಶುರುವಾಗಿ, ನೆನೆಸುವುದು, ಒಣಗಿಸುವುದು, ಕಾದ ಮರಳಿನಲ್ಲಿ ಹುರಿಯುವುದನ್ನು ಹೇಳಿ, ಮಂಡಕ್ಕಿ ಭಟ್ಟಿಗಳ ಹೊಗೆ, ಅಲ್ಲಿ ದುಡಿಯುವವರ ಕೂಲಿ ಮತ್ತು ಆರೋಗ್ಯವನ್ನೂ ಬಿಡದೆ ಹೇಳಬೇಕು. ಅಲ್ಲಿಂದ ಮಿರ್ಚಿಗೆ, ಮಿರ್ಚಿಯಿಂದ ಬ್ಯಾಡಗಿಯ ಮಾರುಕಟ್ಟೆಗೆ ಕೈತೋರಿಸಬೇಕು. ಕಬ್ಬು, ಕಾಕಂಬಿ, ಡಿಸ್ಟಿಲರಿಗಳಿಗೂ ನಮೂದು ಬೇಕು, ಸಾರಾಯಿ ನಿಷೇಧಕ್ಕೂ ಬೇಕು. 2009ರಲ್ಲಿ ಆರಂಭವಾದ ದಾವಣಗೆರೆ ವಿಶ್ವವಿದ್ಯಾನಿಲಯದ ಆಹಾರ ತಂತ್ರಜ್ಞಾನದ ವಿದ್ಯಾರ್ಥಿಗಳು ಹಿಟ್ಟಿನ ಹುಳಿಯನ್ನೂ ಬೆಣ್ಣೆಯ ಕೊಬ್ಬನ್ನೂ ಅಳೆಯಬಲ್ಲರು, ಕನ್ನಡ ಮತ್ತು ಇತಿಹಾಸದ ವಿದ್ಯಾರ್ಥಿಗಳು ಹಳೆಯ ಹೋಟೆಲಿನವರನ್ನು ಕೂರಿಸಿ ಕೇಳಿ ಬರೆದುಕೊಳ್ಳಬಲ್ಲರು. ಮೊದಲ ಆವೃತ್ತಿಯಲ್ಲಿ ತಪ್ಪುಗಳಿದ್ದರೆ ಓದುಗರು ಪತ್ರ ಬರೆದು ತಿದ್ದುವಂತಾಗಬೇಕು, ಎರಡನೆಯದು ಹೊರಬರಬೇಕು. ಕೆಲಸ ಹಿಡಿಯಬೇಕಾದದ್ದು ಭಟ್ಟಿಗಳಿಂದಲೇ, ಏಕೆಂದರೆ ಕೈಯಿಂದ ಹುರಿಯುವವರ ಜಾಗಕ್ಕೆ ಯಂತ್ರಗಳು ಬರತೊಡಗಿವೆ.