ಬಸವಾಪಟ್ಟಣದ ಟಿಲ್ಲರ್ ಪಾಠ

"ಹೆಬ್ಬೆರಳು ಆಚಿಗೆ ಸುತ್ತಬ್ಯಾಡ ಅಂತ ಎಷ್ಟು ಸಲ ಹೇಳೀನಿ? ನಾಕು ಬೆರಳಿನ ಜೊತಿಗೇ ಇರಲಿ ಅದು."

ಎಂಟನೇ ಕ್ಲಾಸಿನ ಹುಡುಗಿ ಹ್ಯಾಂಡಲ್ಲಿನಿಂದ ಕೈ ತೆಗೆದಳು, ಅಂಗೈ ಒರೆಸಿಕೊಂಡು ಮತ್ತೆ ಹಿಡಿದಳು. ಈ ಸಲ ಐದೂ ಬೆರಳು ಒಂದೇ ಮಗ್ಗುಲಲ್ಲಿದ್ದವು. ಅಜ್ಜ ತಲೆಯಾಡಿಸಿದರು, ಆದರೆ ತಿರುವಲು ಬಿಡಲಿಲ್ಲ. ಇವತ್ತಿನ ಪಾಠ ಹಿಡಿಯುವುದಷ್ಟೇ. ತಿರುವುವುದು ಇನ್ನೊಂದು ಭಾನುವಾರಕ್ಕೆ.

ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದಲ್ಲಿ ಇವರನ್ನು ಎಲ್ಲರೂ ಕರೆಯುವುದು ಟಿಲ್ಲರ್ ಅಜ್ಜ ಎಂದೇ. "ಪೇಪರಿನಾಗೆ ಹೆಸರು ಗಿಸರು ಬ್ಯಾಡ್ರಿ, ಗಾಡಿ ಹೆಸರು ಹಾಕ್ರಿ ಸಾಕು" ಅಂದದ್ದರಿಂದ ಇಲ್ಲಿ ಗಾಡಿಗಳ ಹೆಸರೇ ಇವೆ. ಅಜ್ಜನ ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ ಹಳೆಯ ಮಿತ್ಸುಬಿಷಿ ಪವರ್ ಟಿಲ್ಲರ್ ಒಂದು, ಕ್ಯಾಮ್ಕೋ ಒಂದು, ಮಿತ್ಸುಬಿಷಿ ಶಕ್ತಿ ಸಣ್ಣ ಟ್ರ್ಯಾಕ್ಟರ್ ಒಂದು ಇವೆ. ಶೆಡ್ಡಿನ ಹೊರಗೆ, ಹುಣಸೆ ಮರದ ಬುಡದಲ್ಲಿ, ಎಚ್‌ಎಂಟಿ ಜೆಟಾರ್ 2511ರ ಅಸ್ಥಿಪಂಜರ. ಅದು ಅಜ್ಜನದಲ್ಲ. ಲಾರಿ ಓಡಿಸಿ ನಿವೃತ್ತರಾದ ಗೆಳೆಯರೊಬ್ಬರದು, ಅವರ ಮನೆಯಲ್ಲಿ ಜಾಗವಿಲ್ಲವೆಂದು ಇಲ್ಲಿ ಬಂದು ಕೂತಿದೆ.

ನಾನು ಹೋದದ್ದು ಈ ಗಾಡಿಗಳನ್ನು ನೋಡಲು. ಉಳಿದದ್ದು ಹೆಬ್ಬೆರಳಿನ ಪಾಠಕ್ಕಾಗಿ.

ಆ ಪಾಠದ ಕಾರಣ ಇಷ್ಟು. ಹಳೆಯ ಟಿಲ್ಲರಿಗೆ ಸೆಲ್ಫ್ ಇಲ್ಲ. ಒಂದೇ ಸಿಲಿಂಡರಿನ, ಅಡ್ಡ ಮಲಗಿದ ಡೀಸೆಲ್ ಎಂಜಿನ್. ಎಡಗೈಯಲ್ಲಿ ಡಿಕಂಪ್ರೆಶನ್ ಲಿವರ್ ಎತ್ತಿ ಹಿಡಿದರೆ ವಾಲ್ವು ತೆರೆದೇ ಇರುತ್ತದೆ, ಒಳಗೆ ಗಾಳಿ ಒತ್ತಿಕೊಳ್ಳುವುದಿಲ್ಲ, ಹ್ಯಾಂಡಲ್ ಹಗುರಾಗಿ ತಿರುಗುತ್ತದೆ. ಬಲಗೈಯಲ್ಲಿ ತಿರುವುತ್ತ ತಿರುವುತ್ತ ಫ್ಲೈವೀಲಿಗೆ ವೇಗ ಕೊಡಬೇಕು. ವೇಗ ಸಾಕು ಅನ್ನಿಸಿದ ಗಳಿಗೆಯಲ್ಲಿ ಲಿವರ್ ಬಿಡಬೇಕು. ಆಗ ಪಿಸ್ಟನ್ನು ಗಾಳಿಯನ್ನು ಒತ್ತುತ್ತದೆ, ಗಾಳಿ ಕಾಯುತ್ತದೆ, ಡೀಸೆಲ್ ಹೊತ್ತಿಕೊಳ್ಳುತ್ತದೆ. ವೇಗ ಸಾಲದೆ ಬಿಟ್ಟಿರೋ, ಎಂಜಿನ್ ಮುಂದೆ ಹೋಗುವ ಬದಲು ಹಿಂದಕ್ಕೆ ಒದೆಯುತ್ತದೆ. ಹ್ಯಾಂಡಲ್ ಅಷ್ಟೇ ರಭಸದಲ್ಲಿ ಹಿಂದೆ ತಿರುಗುತ್ತದೆ. ಐದೂ ಬೆರಳು ಒಂದೇ ಕಡೆ ಇದ್ದರೆ ಅದು ಅಂಗೈಯಿಂದ ಜಾರಿ ಹೋಗುತ್ತದೆ. ಹೆಬ್ಬೆರಳು ಸುತ್ತಿಕೊಂಡಿದ್ದರೆ ಬೆರಳು ಮುರಿಯುತ್ತದೆ, ಇಲ್ಲವೇ ಮಣಿಕಟ್ಟು. ಅಜ್ಜ ತಮ್ಮ ಬಲಗೈ ಚಾಚಿ ತೋರಿಸಿದರು. ಹೆಬ್ಬೆರಳಿನ ಬುಡ ಸೊಟ್ಟಗಿತ್ತು. "ನಂಗೆ ಯಾರೂ ಹೇಳಿಕೊಡಲಿಲ್ಲ. ಇದೇ ಹೇಳಿಕೊಟ್ಟಿದ್ದು," ಎಂದು ಟಿಲ್ಲರಿನ ನೀರಿನ ತೊಟ್ಟಿಯ ಮೇಲೆ ಮೆಲ್ಲಗೆ ತಟ್ಟಿದರು.

ಭಾನುವಾರ ಬೆಳಿಗ್ಗೆ ಇಲ್ಲಿ ಸೇರುವವರು ಸಂಘ ಕಟ್ಟಿಕೊಂಡಿಲ್ಲ. ಲಾರಿಯ ಗೆಳೆಯರು, ಪ್ರೈಮರಿ ಶಾಲೆಯ ಮೇಷ್ಟ್ರೊಬ್ಬರು, ಅಡಿಕೆ ಚೇಣಿ, ಅಂದರೆ ಫಸಲಿನ ಗುತ್ತಿಗೆ, ಹಿಡಿಯುವ ಒಬ್ಬರು, ಜೊತೆಗೆ ಅವರವರ ಮಕ್ಕಳು ಮೊಮ್ಮಕ್ಕಳು. ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದ ಹುಡುಗರೂ ಇರುತ್ತಾರೆ. ಅವರ ಕೈಯಿಂದ ಮೊಬೈಲು ಇಳಿಯುವುದು ಗ್ರೀಸು ಮೆತ್ತಿಕೊಂಡ ಮೇಲೆ ಮಾತ್ರ.

ಅಮೆರಿಕದಲ್ಲಿ ಇಂಥ ಹವ್ಯಾಸಕ್ಕೆ ದೊಡ್ಡ ಬಳಗವೇ ಇದೆ. ಅಲ್ಲಿನ ಮನೆಗಳ ಸುತ್ತ ಹುಲ್ಲು ಕತ್ತರಿಸಲು, ಹಿಮ ತಳ್ಳಲು ಬಂದ ಸಣ್ಣ ಗಾರ್ಡನ್ ಟ್ರ್ಯಾಕ್ಟರುಗಳು, ಅಂದರೆ 1961ರಲ್ಲಿ ಬಂದ ಕಬ್ ಕೆಡೆಟ್, 1963ರ ಜಾನ್ ಡೀರ್ 110 ಮುಂತಾದವು ಈಗ ಅಪ್ಪ ಮಕ್ಕಳು ಸೇರಿ ಬಿಚ್ಚಿ, ಬಣ್ಣ ಬಳಿದು, ಜಾತ್ರೆಗೆ ಒಯ್ಯುವ ಸಾಮಾನು. ನಮ್ಮಲ್ಲಿ ಮನೆ ಮುಂದಿನ ಹುಲ್ಲಿಗೆ ಟ್ರ್ಯಾಕ್ಟರ್ ಬೇಕಾಗುವವರು ಯಾರು? ನಮ್ಮ 'ಗಾರ್ಡನ್' ಅಂದರೆ ಅಡಿಕೆ ತೋಟ. ಒಂಬತ್ತು ಅಡಿಗೊಂದು ಗಿಡ ಇರುವ ಸಾಲಿನಲ್ಲಿ ದೊಡ್ಡ ಟ್ರ್ಯಾಕ್ಟರ್ ತಿರುಗಿಸಲು ಹೋದರೆ ಗಿಡಕ್ಕೆ ಗಾಯ. ಅಡಿಕೆಯ ಬೇರು ಮೇಲುಮಣ್ಣಿನಲ್ಲೇ ಹರಡಿರುವುದರಿಂದ ಆಳ ಉಳುಮೆಯೂ ಆಗದು. ಹಗುರಾದ, ಮೂರು ಸಿಲಿಂಡರಿನ, ಹದಿನೆಂಟೂವರೆ ಎಚ್‌ಪಿಯ ಮಿತ್ಸುಬಿಷಿ ಶಕ್ತಿ ಎಂಟಿ 180ಡಿಯಂಥ ಗಾಡಿಗೆ ಈ ಕಡೆ ಬೆಲೆ ಬಂದದ್ದು ಹಾಗೆ.

ಟಿಲ್ಲರಿನ ಕಥೆ ಅದಕ್ಕೂ ಹಳೆಯದು. ಅಜ್ಜ ಹೇಳುವ ಇತಿಹಾಸದಲ್ಲಿ ಇಸವಿಗಳಿಲ್ಲ, ನೀರು ಬಿಟ್ಟ ವರ್ಷ, ನೀರು ಬಿಡದ ವರ್ಷ ಎಂಬ ಎರಡೇ ಬಗೆ. ಲಕ್ಕವಳ್ಳಿಯ ಭದ್ರಾ ಜಲಾಶಯ 186 ಅಡಿ ತುಂಬಿದರೆ ಈ ಸೀಮೆಗೆ ಹಬ್ಬ. ನಾಲೆ ನೀರು ಬಂದ ಮೇಲೆ ಜೋಳ, ರಾಗಿ ಬೆಳೆಯುತ್ತಿದ್ದ ಹೊಲಗಳು ಗದ್ದೆಯಾದವು. ವರ್ಷಕ್ಕೆರಡು ಭತ್ತ. ಮೊಣಕಾಲುದ್ದ ಕೆಸರಿನಲ್ಲಿ ಎತ್ತುಗಳು ಸೋತವು. ಒಂದು ಬೆಳೆ ಕೊಯ್ದು ಮತ್ತೊಂದಕ್ಕೆ ಗದ್ದೆ ಹದ ಮಾಡಲು ಸಿಗುತ್ತಿದ್ದ ದಿನಗಳೋ ಬೆರಳೆಣಿಕೆ. ಅದೇ ಹೊತ್ತಿಗೆ ಬೆಂಗಳೂರಿನ ವಿಎಸ್‌ಟಿಯವರು ಜಪಾನಿನ ಮಿತ್ಸುಬಿಷಿ ಜೊತೆ ಸೇರಿ 1967ರಲ್ಲಿ ಕಂಪನಿ ಕಟ್ಟಿ, ಟಿಲ್ಲರ್ ತಯಾರಿಸತೊಡಗಿದರು. ಕೇರಳ ಸರ್ಕಾರದ ಕ್ಯಾಮ್ಕೋ ಹುಟ್ಟಿದ್ದು 1973ರಲ್ಲಿ, ಅದಕ್ಕೆ ಜಪಾನಿನದೇ ಕುಬೋಟಾ ತಂತ್ರಜ್ಞಾನ. ಜಪಾನಿನ ಸಣ್ಣ ಗದ್ದೆಗಳಿಗೆಂದು ರೂಪುಗೊಂಡ ಯಂತ್ರ ಭದ್ರಾ ನಾಲೆಯ ಕೆಸರಿಗೆ ಹೇಳಿ ಮಾಡಿಸಿದಂತಿತ್ತು. ಬ್ಯಾಂಕ್ ಸಾಲದಲ್ಲಿ ಟಿಲ್ಲರ್ ಕೊಂಡ ಸಾಹುಕಾರರ ಮನೆಯಲ್ಲಿ ಅಜ್ಜ ಡ್ರೈವರ್ ಆಗಿ ಸೇರಿದರು. ಡ್ರೈವರ್ ಅಂದರೂ ಕೂರುವುದು ಎಲ್ಲಿ? ದಿನವಿಡೀ ಅದರ ಹಿಂದೆ ಕೆಸರಿನಲ್ಲಿ ನಡೆಯುವುದು.

ಊರಿನ ಇತಿಹಾಸವನ್ನೂ ಹೇಳಬೇಕಲ್ಲ. ಬಸವಾಪಟ್ಟಣ ಪಾಳೆಯಗಾರರ ಊರು. ಹದಿನೇಳನೇ ಶತಮಾನದಲ್ಲಿ ಬಿಜಾಪುರದ ರಣದುಲ್ಲಾ ಖಾನನ ದಂಡು ಇಲ್ಲಿಗೆ ಬಂತು. ಮುಂದೆ ಮೊಗಲರು ಶಿರಾ ಸುಬಾ ಮಾಡಿದಾಗ ಅದರ ಏಳು ಪರಗಣಗಳಲ್ಲಿ ಬಸವಾಪಟ್ಟಣವೂ ಒಂದು. 1997ರವರೆಗೆ ಶಿವಮೊಗ್ಗ ಜಿಲ್ಲೆ, ಆಮೇಲೆ ದಾವಣಗೆರೆ. ಅಜ್ಜನಿಗೆ ಇದರಲ್ಲಿ ಆಸಕ್ತಿಯಿಲ್ಲ. "ಕೋಟಿ ಕಟ್ಟಿದೋರ ಹೆಸರು ಬರೀತಾರೆ, ಗದ್ದಿ ಮಾಡಿದೋರದ್ದು ಯಾರು ಬರೀತಾರೆ" ಎಂದು ಎಲೆಅಡಿಕೆ ಉಗಿದು ಬಂದರು.

ಮರಳಿ ಪಾಠಕ್ಕೆ ಬರೋಣ. ಸಣ್ಣ ಮಕ್ಕಳಿಗೆ ಮೊದಲು ಕೊಡುವ ಕೆಲಸ ಮೂರು 'ನೋಡು': ನೀರು ನೋಡು, ಆಯಿಲ್ ನೋಡು, ಡೀಸೆಲ್ ನೋಡು. ಡೀಸೆಲ್ ಖಾಲಿಯಾಗಿ ಪೈಪಿನಲ್ಲಿ ಗಾಳಿ ಸೇರಿದ್ದರೆ ಬೋಲ್ಟ್ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವ ತನಕ ಕಾಯಬೇಕು. ಇದು ಮಕ್ಕಳಿಗೆ ಬಲು ಇಷ್ಟ. ಎಂಜಿನ್ ಓಡುವಾಗ ಬೆಲ್ಟಿನ ಕಡೆ ಸುಳಿಯುವಂತಿಲ್ಲ. ರೋಟರಿ, ಅಂದರೆ ಮಣ್ಣು ಕೊಚ್ಚುವ ಹಿಂದಿನ ಹಲ್ಲುಗಳನ್ನು, ಮಕ್ಕಳು ಬರುವ ದಿನ ಅಜ್ಜ ಕಳಚಿಯೇ ಇಟ್ಟಿರುತ್ತಾರೆ. ರಿವರ್ಸ್ ಹಾಕುವಾಗ ರೋಟರಿ ನಿಲ್ಲಿಸಲು ಮರೆತು ಕಾಲು ಕಳಕೊಂಡವರ ಕಥೆಗಳನ್ನು ಮಾತ್ರ ಕಳಚಿಡುವುದಿಲ್ಲ, ಒಂದಾದ ಮೇಲೊಂದು ಹೇಳುತ್ತಾರೆ. ಅಂಗಳ ದಾಟಿ ರಸ್ತೆಗೆ ಒಯ್ಯಲು ಹದಿನೆಂಟು ತುಂಬಿರಬೇಕು, ಲೈಸೆನ್ಸ್ ಇರಬೇಕು. ಇದರಲ್ಲಿ ಮೊಮ್ಮಕ್ಕಳಿಗೂ ರಿಯಾಯಿತಿ ಇಲ್ಲ.

ಕಾಲೇಜು ಹುಡುಗರ ಪಾಠ ನಾಲೆ ಏರಿಯ ಮೇಲೆ. ಟಿಲ್ಲರಿಗೆ ಸ್ಟೇರಿಂಗ್ ಇಲ್ಲ. ಎರಡು ಕೈಹಿಡಿಗಳ ಕೆಳಗೆ ಎರಡು ಲಿವರ್. ಎಡದ್ದನ್ನು ಒತ್ತಿದರೆ ಎಡಗಾಲಿಗೆ ಎಂಜಿನ್ನಿನ ಬಲ ತಪ್ಪುತ್ತದೆ, ಬಲಗಾಲಿ ದೂಡುತ್ತದೆ, ಗಾಡಿ ಎಡಕ್ಕೆ ಹೊರಳುತ್ತದೆ. ಸರಳ. ಆದರೆ ಇಳಿಜಾರಿನಲ್ಲಿ ಇದು ತಿರುವುಮುರುವು! ಇಳಿಯುವಾಗ ಎಂಜಿನ್ನು ಗಾಲಿಗಳನ್ನು ದೂಡುತ್ತಿರುವುದಿಲ್ಲ, ತಡೆದು ಹಿಡಿದಿರುತ್ತದೆ. ಎಡದ ಲಿವರ್ ಒತ್ತಿದರೆ ಎಡಗಾಲಿ ಆ ಹಿಡಿತದಿಂದ ಬಿಡಿಸಿಕೊಂಡು ಮುಂದಕ್ಕೆ ಓಡುತ್ತದೆ, ಗಾಡಿ ಬಲಕ್ಕೆ ಹೊರಳುತ್ತದೆ. ಸಪಾಟು ನೆಲದಲ್ಲಿ ಕಲಿತ ಕೈ ಇಳಿಜಾರಿನಲ್ಲಿ ನಾಲೆಗೆ ಒಯ್ಯುತ್ತದೆ. ಹಿಂದೆ ಟ್ರೇಲರ್ ಬೇರೆ ಇದ್ದರೆ ಅದರ ಭಾರವೂ ದೂಡುತ್ತದೆ. ಅಜ್ಜ ಇದನ್ನು ಶೆಡ್ಡಿನ ಬಾಗಿಲ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ತೋರಿಸಿದರು, ಸೈಕಲ್ ರಿಮ್ಮುಗಳನ್ನು ಕೋಲಿಗೆ ಸಿಕ್ಕಿಸಿ ತೋರಿಸಿದರು, ಕೊನೆಗೆ ತಾವೇ ಏರಿಯಿಂದ ಇಳಿಸಿ ತೋರಿಸಿದರು. ಎಂಜಿನಿಯರಿಂಗ್ ಓದುವ ಹುಡುಗನೊಬ್ಬ "ಇದು ಡಿಫರೆನ್ಷಿಯಲ್ ಇಲ್ಲದ್ದಕ್ಕೆ ಅಲ್ವಾ ಅಜ್ಜ" ಎಂದ. "ಏನಿಲ್ಲದ್ದಕ್ಕೋ ಮಾರಾಯ, ನೀನು ಲಿವರ್ ಮುಟ್ಟಬ್ಯಾಡ, ಗೇರಿನಾಗೆ ನಿಧಾನ ಇಳಿಸು, ಹ್ಯಾಂಡಲ್ ಹಿಡಿದು ನೂಕಿ ತಿರುಗಿಸು." ಹುಡುಗ ನೂಕಿದ. ತಿರುಗಿತು.

ಬಿಡಿಭಾಗ ಎಲ್ಲಿಂದ ಬರುತ್ತವೆ ಎಂದರೆ ಮಾತು ಹರಿಹರದ ಕಡೆಗೆ ಹೊರಳುತ್ತದೆ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಅಲ್ಲಿ ಲೇತ್ ತಯಾರಿಸುತ್ತಿತ್ತು. ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದೆ. ಅಲ್ಲಿ ಕೈ ಪಳಗಿಸಿಕೊಂಡವರಲ್ಲಿ ಕೆಲವರು ಸಣ್ಣ ಲೇತ್ ಇಟ್ಟುಕೊಂಡು ಬದುಕಿದರು. ಸವೆದ ಬುಷ್ ಒಂದನ್ನು ಕಾಗದದಲ್ಲಿ ಸುತ್ತಿಕೊಂಡು ಹೋದರೆ ಅದರ ಜೋಡಿಯನ್ನು ಕಡೆದು ಕೊಡುವ ಕೈಗಳು ಅಲ್ಲಿ ಇನ್ನೂ ಇವೆ ಎನ್ನುವುದು ಅಜ್ಜನ ಧೈರ್ಯ. ಟಿಲ್ಲರಿಗೆ ಹೇಗೋ ಸಾಮಾನು ಹೊಂದುತ್ತದೆ. ಕಷ್ಟ ಇರುವುದು ಹುಣಸೆ ಮರದ ಕೆಳಗಿನದಕ್ಕೆ. ಎಚ್‌ಎಂಟಿ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಜೆಕ್ ಮೂಲದ ಜೆಟಾರ್ ಟ್ರ್ಯಾಕ್ಟರ್ ಮಾಡತೊಡಗಿತು. ಆ ಘಟಕವನ್ನು ಮುಚ್ಚಲು ಕೇಂದ್ರ ಸಂಪುಟ ತೀರ್ಮಾನಿಸಿದ್ದು 2016ರಲ್ಲಿ. ಗಡಿಯಾರದ ಎಚ್‌ಎಂಟಿಗಾಗಿ ಮರುಗಿ ಬರೆದವರು ಎಷ್ಟೋ ಮಂದಿ. ಟ್ರ್ಯಾಕ್ಟರಿನ ಎಚ್‌ಎಂಟಿಗೆ ಅಷ್ಟು ಕಣ್ಣೀರು ಸಿಗಲಿಲ್ಲ. ಕೈಗೆ ಕಟ್ಟಿಕೊಳ್ಳುವುದಕ್ಕೆ ಆಗುವುದಿಲ್ಲವಲ್ಲ!

ಶೆಡ್ಡಿನ ಗೋಡೆಗೆ ಒಂದು ನೋಟ್‌ಬುಕ್ ನೇತುಹಾಕಿದೆ. ಹೆಬ್ಬೆರಳಿನ ಹುಡುಗಿಯದೇ ಕೆಲಸ ಅದು. ಯಾವ ಗಾಡಿಗೆ ಯಾವತ್ತು ಆಯಿಲ್ ಬದಲಿಸಿದ್ದು, ಬೆಲ್ಟಿನ ನಂಬರು, ಯಾವ ಬೇರಿಂಗ್ ಎಲ್ಲಿ ಸಿಕ್ಕಿತು, ಎಲ್ಲವೂ ನೀಲಿ ಶಾಯಿಯಲ್ಲಿ. ಕೊನೆಯ ಪುಟಗಳಲ್ಲಿ ಅಜ್ಜನ ಮಾತುಗಳನ್ನು ಹಾಗೆಹಾಗೇ ಇಳಿಸಿದ್ದಾಳೆ: "ಹೊಗೆ ಕರ್ರಗೆ ಬಂದ್ರೆ ಗಾಳಿ ಸಾಲ್ದು, ಫಿಲ್ಟರ್ ನೋಡು. ನೀಲಿ ಬಂದ್ರೆ ಆಯಿಲ್ ಸುಡ್ತತಿ, ರಿಂಗ್ ನೋಡು. ಬೆಳ್ಳಗೆ ಬಂದ್ರೆ ಸುಮ್ನೆ ಸ್ವಲ್ಪ ಹೊತ್ತು ನಿಲ್ಲು, ಕಾಯ್ಲಿ." ಮೆಕ್ಯಾನಿಕಲ್ ಡಿಪ್ಲೊಮಾ ಓದಬೇಕೆಂಬ ಆಸೆ ಅವಳಿಗೆ. ಮನೆಯಲ್ಲಿ ಇನ್ನೂ ಹೂಂ ಅಂದಿಲ್ಲ. ಅಜ್ಜನೂ ಜೋರಾಗಿ ಹೇಳುವುದಿಲ್ಲ. ಅವಳ ಕೈಗೆ ಹ್ಯಾಂಡಲ್ ಕೊಟ್ಟಿರುವುದೇ ಅವರ ಉತ್ತರ ಎಂದು ನಾನು ಅಂದುಕೊಂಡೆ.

ಈಗ ಸುತ್ತಲಿನ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟವಾಗುತ್ತಿವೆ. ಉಳಿದ ಗದ್ದೆಗೆ ಕೇಜ್ ವೀಲ್ ಹಾಕಿದ ದೊಡ್ಡ ಟ್ರ್ಯಾಕ್ಟರ್ ಇಳಿಯುತ್ತದೆ, ಗಂಟೆ ಲೆಕ್ಕದ ಬಾಡಿಗೆ. ಕೆಸರಿನಲ್ಲಿ ನಡೆದು ಟಿಲ್ಲರ್ ಹೊಡೆಯುವವರು ಸಿಗುವುದಿಲ್ಲ, ಸಿಗಲಿ ಎಂದು ಬಯಸುವುದೂ ನ್ಯಾಯವಲ್ಲ. ಮನೆಮನೆಯ ಹಿತ್ತಲಲ್ಲಿ ನಿಂತ ಹಳೆಯ ಟಿಲ್ಲರುಗಳನ್ನು ಗುಜರಿಯವರು ಕೆಜಿ ಲೆಕ್ಕದಲ್ಲಿ ಒಯ್ಯುತ್ತಾರೆ. 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ವಾಹನಗಳ ವಿಂಟೇಜ್ ನೋಂದಣಿಗೆ ನಿಯಮ ತಂದಾಗ ಲೆಕ್ಕಕ್ಕೆ ಬಂದದ್ದು ಸ್ವಂತ ಬಳಕೆಯ ದ್ವಿಚಕ್ರ, ನಾಲ್ಕು ಚಕ್ರದ ಗಾಡಿಗಳು. ಧರ್ಮಸ್ಥಳದ ಸಂಗ್ರಹದಲ್ಲಿ ಹಳೆಯ ಕಾರುಗಳನ್ನು ಸಾಲುಗಟ್ಟಿ ನೋಡಿದವರಿದ್ದಾರೆ. ಅನ್ನ ಬೆಳೆದುಕೊಟ್ಟ ಗಾಡಿಗೆ ಅಂಥ ಒಂದು ಮಾಡು ಎಲ್ಲಿದೆ?

ಮೇಷ್ಟ್ರಿಗೆ ಇದಕ್ಕೊಂದು ಪರಿಹಾರ ಹೊಳೆದಿದೆ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿರುವ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಅರ್ಜಿ ಬರೆಯುವುದು, ಅಲ್ಲೊಂದು ಶೆಡ್ ಮಾಡಿಸಿ ಮೂರೂ ಗಾಡಿಗಳನ್ನು, ಸಾಧ್ಯವಾದರೆ ಎಚ್‌ಎಂಟಿಯನ್ನೂ, ಕೊಟ್ಟುಬಿಡುವುದು. ಓದುವ ಹುಡುಗರು ನೋಡುತ್ತಾರೆ, ಬೋರ್ಡು ಹಾಕುತ್ತಾರೆ, ಗುಜರಿಗೆ ಹೋಗುವುದು ತಪ್ಪುತ್ತದೆ. ನನಗೂ ಇದು ಸರಿ ಎನ್ನಿಸಿತು, ಹಾಗೆಂದೆ ಕೂಡ. ಲಾರಿಯ ಗೆಳೆಯರು ತಮ್ಮ ಜೆಟಾರಿನ ಕಡೆ ನೋಡಿ ಸುಮ್ಮನಾದರು.

ಅಜ್ಜ ಕ್ಯಾಮ್ಕೋದ ಕ್ಲಚ್ ಬಿಚ್ಚುತ್ತಿದ್ದರು. ತಲೆಯೆತ್ತದೆ ಕೇಳಿದರು: "ಕೊಡಾನ ಮೇಷ್ಟ್ರೇ. ಅಲ್ಲಿ ವಾರಕ್ಕೊಮ್ಮೆ ಸ್ಟಾರ್ಟ್ ಮಾಡೋರು ಯಾರು?"

"ಸ್ಟಾರ್ಟ್ ಯಾಕೆ ಮಾಡ್ತಾರೆ ಕಾಕಾ, ನೋಡಾಕೆ ಇಡ್ತಾರೆ."

"ಹಂಗಾದ್ರೆ ಬ್ಯಾಡ," ಎಂದು ಅಜ್ಜ ಹದಿನಾಲ್ಕರ ಸ್ಪ್ಯಾನರಿಗಾಗಿ ಹುಡುಗಿಯ ಕಡೆ ಕೈ ಚಾಚಿದರು.