ಲೆಕ್ಕದಿಂದ ಜಾರಿದ ಐದು ಸಾವಿರ ಲಾರಿ

ದಿನಕ್ಕೆ 1,60,038.9 ಟನ್. 2020-21ರಲ್ಲಿ ಭಾರತದ ನಗರ-ಪಟ್ಟಣಗಳಲ್ಲಿ ಹುಟ್ಟಿದ ಘನತ್ಯಾಜ್ಯ ಇಷ್ಟೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವಾರ್ಷಿಕ ವರದಿ ಹೇಳುತ್ತದೆ. ಹತ್ತು ಟನ್ ಹೊರುವ ಲಾರಿಗಳಿಗೆ ತುಂಬಿದರೆ ಹದಿನಾರು ಸಾವಿರ ಲಾರಿ ಬೇಕು. ಒಂದು ಲಾರಿಗೆ ಒಂಬತ್ತು ಮೀಟರ್ ಹಿಡಿದು ಒಂದರ ಹಿಂದೆ ಒಂದು ನಿಲ್ಲಿಸಿದರೆ 144 ಕಿಲೋಮೀಟರ್. ಬೆಂಗಳೂರಲ್ಲಿ ಶುರುವಾದ ಸಾಲು ಹೆಚ್ಚುಕಡಿಮೆ ಮೈಸೂರು ಮುಟ್ಟುತ್ತದೆ. ಇದು ಒಂದು ದಿನದ ಕಸ. ಮರುದಿನ ಅಷ್ಟೇ ಉದ್ದದ ಇನ್ನೊಂದು ಸಾಲು.

ಆ ಸಂಖ್ಯೆಯ ಬಾಲದಲ್ಲಿರುವ 0.9 ನೋಡಿ. ಇಡೀ ದೇಶದ ಕಸವನ್ನು 900 ಕಿಲೋವನ್ನೂ, ಅಂದರೆ ಒಂದು ಆಟೋ ಟಿಪ್ಪರಿನ ಹೊರೆಯನ್ನೂ ಬಿಡದಷ್ಟು ಸೂಕ್ಷ್ಮವಾಗಿ ಹೇಳಲಾಗಿದೆ. ಈಗ ಅದೇ ವರದಿಯ ಉಳಿದ ಅಂಕಿಗಳು: ಸಂಗ್ರಹವಾದದ್ದು 1,52,749.5 ಟನ್, ಸಂಸ್ಕರಣೆಗೆ ಒಳಗಾದದ್ದು 79,956.3, ನೆಲಭರ್ತಿ ಸೇರಿದ್ದು 29,427.2. ಕೂಡಿ ಕಳೆದರೆ 50,655.4 ಟನ್ ಉಳಿಯುತ್ತದೆ. ಹುಟ್ಟಿದ ಕಸದ ಶೇ. 31.7. ಇದು ಲೆಕ್ಕಕ್ಕೆ ಸಿಕ್ಕಿಲ್ಲವೆಂದು ವರದಿಯೇ ಬರೆದುಕೊಂಡಿದೆ. ಹಾಗೆ ಬರೆದದ್ದಕ್ಕೆ ನನಗೆ ಗೌರವವಿದೆ. ಆದರೂ ದಿನಕ್ಕೆ ಐದು ಸಾವಿರ ಲಾರಿ! ನಮ್ಮ ಸಾಲಿನಲ್ಲಿ ಬೆಂಗಳೂರಿನಿಂದ ಬಹುತೇಕ ರಾಮನಗರದವರೆಗಿನ ಲಾರಿಗಳು ಎಲ್ಲಿಗೆ ಹೋದವೋ ತಿಳಿಯದು.

ಇದರಲ್ಲಿ ಎತ್ತದೆ ಬಿಟ್ಟ ಕಸ ಬರೀ 7,289 ಟನ್. ಮಿಕ್ಕ 43,366 ಟನ್ನನ್ನು ಪೌರಕಾರ್ಮಿಕರು ಗುಡಿಸಿದ್ದಾರೆ, ಬಾಚಿದ್ದಾರೆ, ಗಾಡಿಗೆ ಏರಿಸಿದ್ದಾರೆ. ಅವರ ಬೆನ್ನು ನೋವಿನಷ್ಟು ನಿಜವಾದ ಆ ಭಾರ, ಗಾಡಿ ಹೊರಟ ಮೇಲೆ ಕಾಗದದಲ್ಲಿ ಇಲ್ಲವಾಗುತ್ತದೆ.

ಲೆಕ್ಕ ಹುಟ್ಟುವುದು ಕೆಳಗಿನಿಂದ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಸ್ಥಳೀಯ ಸಂಸ್ಥೆ ಜೂನ್ 30ರೊಳಗೆ ವರದಿ ಕೊಡಬೇಕಿತ್ತು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಜುಲೈ 31ರೊಳಗೆ ಅದನ್ನು ಕೇಂದ್ರ ಮಂಡಳಿಗೆ ಕಳಿಸಬೇಕಿತ್ತು. ವೇಬ್ರಿಡ್ಜ್ ಇರುವಲ್ಲಿ ಗಾಡಿಯನ್ನು ತೂಗುತ್ತಾರೆ. ಇಲ್ಲದಲ್ಲಿ ದಿನಕ್ಕೆ ಎಷ್ಟು ಟ್ರಿಪ್, ಗಾಡಿಗೆ ಎಷ್ಟು ಟನ್ ಎಂದು ಗುಣಿಸುವುದು. ಅದೂ ಆಗದಿದ್ದರೆ ಜನಸಂಖ್ಯೆಯನ್ನು ತಲೆಗಿಷ್ಟು ಗ್ರಾಂ ಎಂದು ಗುಣಿಸುವುದು. ಅರ್ಧ ತುಂಬಿದ ಗಾಡಿಯೂ ಒಂದು ಟ್ರಿಪ್ಪೇ. ಆಷಾಢದ ಮಳೆಯಲ್ಲಿ ನೆಂದ ಕಸದ ತೂಕದಲ್ಲಿ ನೀರಿನದೆಷ್ಟು? ಆ ಗ್ರಾಂ ಲೆಕ್ಕದಲ್ಲಿ ತಲೆಗೆ ಹತ್ತೇ ಗ್ರಾಂ, ಒಂದು ಏಲಕ್ಕಿ ಬಾಳೆಹಣ್ಣಿನ ಸಿಪ್ಪೆಯಷ್ಟು, ತಪ್ಪಿತೆನ್ನಿ. 2011ರ ಜನಗಣತಿಯಲ್ಲಿ ನಗರವಾಸಿಗಳು 37.7 ಕೋಟಿ. ಸಿಪ್ಪೆಯಷ್ಟು ತಪ್ಪು ದಿನಕ್ಕೆ 3,770 ಟನ್ ಆಗಿ ಬೆಳೆಯುತ್ತದೆ. ಆ ಒಂದು ಸಿಪ್ಪೆಯ ಮುಂದೆ ದಶಾಂಶದ ಆಚೆಯ ಒಂಬತ್ತು ಏನು ಹೇಳೀತು?

ಯುರೋಪ್ ಒಕ್ಕೂಟ 2002ರಲ್ಲಿ ತ್ಯಾಜ್ಯದ ಅಂಕಿಅಂಶಗಳಿಗೆಂದೇ ಒಂದು ಕಾನೂನು ಮಾಡಿತು. ಎರಡು ವರ್ಷಕ್ಕೊಮ್ಮೆ ಪ್ರತಿ ಸದಸ್ಯ ದೇಶ ಲೆಕ್ಕ ಒಪ್ಪಿಸಬೇಕು. ಗಣಿ, ಕಟ್ಟಡ, ಕಾರ್ಖಾನೆ, ಮನೆ ಎಲ್ಲ ಸೇರಿ 2022ರಲ್ಲಿ ಒಕ್ಕೂಟದ ತ್ಯಾಜ್ಯ ಸುಮಾರು 220 ಕೋಟಿ ಟನ್. ನನಗೆ ಹಿಡಿಸಿದ್ದು ಅಂಕಿಯ ಜೊತೆಗೆ ಕಡ್ಡಾಯವಾಗಿ ಹೋಗುವ ಗುಣಮಟ್ಟದ ವರದಿ. ಮಾಹಿತಿ ಎಲ್ಲಿಂದ ಬಂತು, ಯಾರನ್ನು ಬಿಟ್ಟೆವು, ಎಷ್ಟು ತಪ್ಪಿರಬಹುದು, ಹಿಂದಿನ ಸಲಕ್ಕೆ ಹೋಲಿಸಬಹುದೇ ಎಂಬುದನ್ನೆಲ್ಲ ಅಲ್ಲಿ ಬರೆಯಬೇಕು. ಕೆಸರುತ್ಯಾಜ್ಯವನ್ನು ಹಸಿ ತೂಕದಲ್ಲೂ ಒಣ ತೂಕದಲ್ಲೂ ಹೇಳಬೇಕು. ನಮ್ಮ ರಾಷ್ಟ್ರೀಯ ಅಂಕಿಯ ಪಕ್ಕದಲ್ಲೂ ಅಂಥದೊಂದು ಪುಟ ಬೇಕು. ಎಷ್ಟು ಊರುಗಳು ನಿಜವಾಗಿ ತೂಗಿದವು, ಎಷ್ಟು ಊರುಗಳು ಗುಣಿಸಿದವು: ಈ ಎರಡು ಸಾಲು ಸಿಕ್ಕರೂ ಸಾಕು, ಉಳಿದ ಅಂಕಿಗಳನ್ನು ಓದುವ ಬಗೆಯೇ ಬದಲಾಗುತ್ತದೆ.

ಪ್ಲಾಸ್ಟಿಕ್ಕಿನದು ಇನ್ನೂ ದಿಗಿಲು ಹುಟ್ಟಿಸುವ ಲೆಕ್ಕ. 2020-21ರಲ್ಲಿ ದೇಶದಲ್ಲಿ ಹುಟ್ಟಿದ ಪ್ಲಾಸ್ಟಿಕ್ ತ್ಯಾಜ್ಯ ಸುಮಾರು 41 ಲಕ್ಷ ಟನ್ ಎಂದು ಸರ್ಕಾರಿ ಅಂಕಿ. ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಕೊಟ್ಟ ಅಂದಾಜಿನಂತೆ, 2020ರಲ್ಲಿ ಭಾರತದಲ್ಲಿ ಬಯಲಿನಲ್ಲಿ ಸುಟ್ಟ, ಇಲ್ಲವೇ ಪರಿಸರಕ್ಕೆ ಚೆದುರಿದ ಪ್ಲಾಸ್ಟಿಕ್ಕೇ 93 ಲಕ್ಷ ಟನ್. ಹುಟ್ಟಿದ್ದರ ಎರಡು ಪಟ್ಟಿಗಿಂತ ಹೆಚ್ಚು ಕೈಜಾರಿತೆಂದರೆ, ಹುಟ್ಟಿನ ಲೆಕ್ಕವೇ ತೀರಾ ಕಿರಿದಾಗಿರಬೇಕು. ಅವರದೂ ಗಣಿತದ ಮಾದರಿಯಿಂದ ಬಂದ ಅಂದಾಜೇ. ಆದರೆ ಕಾರಣಗಳನ್ನು ಬಿಡಿಸಿ ಹೇಳಿದ್ದಾರೆ: ಹಳ್ಳಿಗಳ ಕಸ, ಯಾರೂ ಎತ್ತದೆ ಸುಟ್ಟ ಕಸ, ಚಿಂದಿ ಆಯುವವರು ಆರಿಸಿಕೊಂಡು ಹೋದ ಕಸ ಇವು ಸರ್ಕಾರಿ ಅಂಕಿಯೊಳಗೆ ಬಂದಿಲ್ಲ.

ಮೂರನೆಯದರ ಬಳಿ ನನ್ನ ಮನಸ್ಸು ನಿಂತುಬಿಡುತ್ತದೆ. ನಸುಕಿನಲ್ಲೇ ಹೊರಟ ಹೆಂಗಸು ಹೆಗಲ ಮೇಲಿನ ಚೀಲವನ್ನು ಗುಜರಿ ಅಂಗಡಿಯಲ್ಲಿ ಇಳಿಸುತ್ತಾಳೆ. ಬಾಟಲಿ ಬೇರೆ, ಹಾಲಿನ ಕವರು ಬೇರೆ, ರಟ್ಟು ಬೇರೆ. ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಅವಳು ಕಣ್ಣು ಕದಲಿಸುವುದಿಲ್ಲ, ಅಂಗಡಿಯವನೂ ಕದಲಿಸುವುದಿಲ್ಲ. ಕಿಲೋ ಲೆಕ್ಕದಲ್ಲಿ ದುಡ್ಡು ಕೈ ಬದಲಾಗಬೇಕಲ್ಲ. ನೂರು ಗ್ರಾಮಿಗೂ ಅಲ್ಲಿ ಮಾತು ನಡೆಯುತ್ತದೆ. ಇಷ್ಟು ಶ್ರದ್ಧೆಯಿಂದ ತೂಗಿದ ಕಸ ದೇಶದಲ್ಲಿ ಬೇರೊಂದಿಲ್ಲ, ಮತ್ತು ಅದು ದೇಶದ ಲೆಕ್ಕದಲ್ಲಿಲ್ಲ.