ಪ್ರಯಾಣದಲ್ಲಿ ಪಾಕೆಟ್ ರೌಟರ್: ಹೊರಡುವ ಮೊದಲೇ ಮನೆಯಲ್ಲಿ ಮಾಡಬೇಕಾದ ಕೆಲಸ

ನಮ್ಮ ಹಿರಿಯರು ವಸೂಲಿಗೆ ಹೊರಟರೆ ಕೈಯಲ್ಲಿ ಒಂದು ಚೀಲ, ಅದರಲ್ಲಿ ಉದ್ರಿ ವಹಿ ಮತ್ತು ಬುತ್ತಿಯ ಗಂಟು. ಪೇಢಿಯ ಸುದ್ದಿ ಬೇಕಾದರೆ ತಾರು, ಇಲ್ಲವೇ ಟ್ರಂಕ್ ಕಾಲ್. ನಮ್ಮ ಕಾಲಕ್ಕೆ ಎಸ್.ಟಿ.ಡಿ. ಬೂತು. ತಾರು 2013ರ ಜುಲೈದಲ್ಲಿ ನಿಂತಿತು, ಬೂತುಗಳೂ ಮುಚ್ಚಿದವು. ಈಗ ವಹಿ ಕಂಪ್ಯೂಟರಿನಲ್ಲಿದೆ, ಬ್ಯಾಂಕು ಫೋನಿನಲ್ಲಿದೆ. ಊರು ಬಿಟ್ಟ ವ್ಯಾಪಾರಸ್ಥನಿಗೆ ಇಂಟರ್‌ನೆಟ್ ಸಿಗದಿದ್ದರೆ ಅಂಗಡಿಯ ಕೀಲಿಕೈ ಕಳೆದಂತೆಯೇ ಸರಿ.

ಇದಕ್ಕಾಗಿ ಪಾಕೆಟ್ ರೌಟರ್ ಎಂಬ ಚಿಕ್ಕ ಡಬ್ಬಿ ಪೇಟೆಯಲ್ಲಿ ಸಿಗುತ್ತದೆ. ಅಂಗಡಿಯವರು ಡಾಂಗಲ್ ಅಂತಲೂ ಕರೆಯುತ್ತಾರೆ. ಒಳಗೆ ಒಂದು ಸಿಮ್, ಒಂದು ಬ್ಯಾಟರಿ. ಅದು ಮೊಬೈಲ್ ಟವರಿನಿಂದ ಇಂಟರ್‌ನೆಟ್ ಪಡೆದು ಸುತ್ತಲಿನ ಫೋನು, ಲ್ಯಾಪ್‌ಟಾಪ್‌ಗಳಿಗೆ ವೈ-ಫೈ ಮೂಲಕ ಹಂಚುತ್ತದೆ. ಬಹುತೇಕ ಡಬ್ಬಿಗಳಿಗೆ 10 ಸಾಧನಗಳವರೆಗೆ ಜೋಡಿಸಬಹುದು.

"ಫೋನಿನ ಹಾಟ್‌ಸ್ಪಾಟ್ ಇರುವಾಗ ಇದೇಕೆ?" ಎಂದು ನಮ್ಮ ಮನೆಯಲ್ಲೇ ಕೇಳಿದರು. ಕಳೆದ ಚಳಿಗಾಲದಲ್ಲಿ ಅಂಗಡಿ ಮುಚ್ಚಿ ಮನೆಮಂದಿಯೆಲ್ಲ ಶಿಖರಜಿ ಯಾತ್ರೆಗೆ ಹೋಗಿದ್ದೆವು. ಮಧುಬನದ ಧರ್ಮಶಾಲೆಯಲ್ಲಿದ್ದಾಗ ರಾತ್ರಿ ಲಾರಿಯವನ ಫೋನು: ನಮ್ಮ ಟಾವೆಲ್ ತುಂಬಿದ ಗಾಡಿಯ ಆಕ್ಸಲ್ ಮುರಿದಿದೆ, ಮಾಲು ಬೇರೆ ಗಾಡಿಗೆ ಹಾಕುತ್ತಿದ್ದಾರೆ. "ಕಾಕಾ, ಗಾಡಿ ನಂಬರ ಬದಲಿ ಆಗ್ಯಾದ. ಇ-ವೇ ಬಿಲ್ಲಿನ್ಯಾಗ ಈಗಲೇ ಹಾಕಬೇಕು" ಎಂದ ನನ್ನ ಅಣ್ಣನ ಮಗ.

50,000 ರೂಪಾಯಿಗೆ ಮೀರಿದ ಮಾಲು ರಾಜ್ಯ ದಾಟಿ ಹೋಗಬೇಕಾದರೆ 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಕಡ್ಡಾಯವೆಂಬುದು ವಾಚಕರಿಗೆ ಗೊತ್ತಿದ್ದದ್ದೇ. ಸಾಮಾನ್ಯ ಮಾಲಿಗೆ ಪ್ರತಿ 200 ಕಿ.ಮೀ.ಗೆ ಒಂದು ದಿನದ ಅವಧಿ. ದಾರಿಯಲ್ಲಿ ಗಾಡಿ ಬದಲಾದರೆ ಬಿ ಭಾಗದಲ್ಲಿ ಹೊಸ ನಂಬರು ಸೇರಿಸಬೇಕು. ಅವಧಿ ಮುಗಿಯುತ್ತಿದ್ದರೆ, ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯೊಳಗೆ ಮುಂದುವರಿಸಬೇಕು. ಇವು ತಪ್ಪಿ ಮಾಲು ತಡೆಹಿಡಿದರೆ, 2022ರ ಜನವರಿಯಿಂದ ಬಂದ ನಿಯಮದಂತೆ ತೆರಿಗೆಯ ಎರಡು ಪಟ್ಟು ದಂಡ. 15,000 ರೂಪಾಯಿ ತೆರಿಗೆಯ ಮಾಲಿಗೆ 30,000 ದಂಡ! ಟಾವೆಲ್ ವ್ಯಾಪಾರದಲ್ಲಿ ಅಷ್ಟು ಲಾಭ ಎಲ್ಲಿಂದ ಬರಬೇಕು?

ನನ್ನ ಫೋನಿನ ಕಂಪನಿಗೆ ಆ ಕೋಣೆಯಲ್ಲಿ ರೇಂಜ್ ತೀರ ಕಡಿಮೆ. ಮೆಸೇಜ್ ಬರುತ್ತಿತ್ತು, ಇಂಟರ್‌ನೆಟ್ ಓಡುತ್ತಿರಲಿಲ್ಲ. ರೌಟರಿನಲ್ಲಿ ಬೇರೆ ಕಂಪನಿಯ ಸಿಮ್ ಇತ್ತು. ಕಿಟಕಿಯ ಮೇಲಿಟ್ಟು ಲ್ಯಾಪ್‌ಟಾಪ್ ಜೋಡಿಸಿದೆವು. ಓ.ಟಿ.ಪಿ. ನನ್ನ ಫೋನಿಗೆ ಬಂತು, ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು.

ಈ ಮಾತಿನಲ್ಲೇ ಎರಡು ನಿಯಮಗಳಿವೆ. ಡಬ್ಬಿಯ ಸಿಮ್ ಬೇರೆ ಕಂಪನಿಯದಿರಲಿ. ಮತ್ತು ಬ್ಯಾಂಕಿಗೆ, ಜಿ.ಎಸ್.ಟಿ.ಗೆ ಕೊಟ್ಟ ನಂಬರಿನ ಸಿಮ್ಮನ್ನು ಎಂದೂ ಡಬ್ಬಿಗೆ ಹಾಕಬೇಡಿರಿ. 2025ರ ಏಪ್ರಿಲ್ 1ರಿಂದ ಇ-ವೇ ಬಿಲ್ ತಾಣಕ್ಕೆ ಒಳಹೋಗಲು ಎಲ್ಲ ವ್ಯಾಪಾರಸ್ಥರಿಗೂ ಪಾಸ್‌ವರ್ಡ್ ಜೊತೆಗೆ ಓ.ಟಿ.ಪಿ. ಬೇಕು. ಯು.ಪಿ.ಐ. ಕೂಡ ಸಿಮ್ ಫೋನಿನಲ್ಲೇ ಇದೆಯೇ ಎಂದು ನೋಡುತ್ತದೆ. ಹಳೆಯ ನಂಬರನ್ನು ಫೋನಿನಲ್ಲೇ ಬಿಟ್ಟು, ಡಬ್ಬಿಗೆ ಹೊಸ ಸಿಮ್ ಕೊಳ್ಳುವುದೇ ಸರಿ.

ಡಬ್ಬಿ ಕೊಳ್ಳುವಾಗ ಒಂದು ಮಾತು ಕೇಳಿ: ಎಲ್ಲ ಕಂಪನಿಯ ಸಿಮ್ ನಡೆಯುತ್ತದೆಯೇ? ಮೊಬೈಲ್ ಕಂಪನಿಯವರೇ ಮಾರುವ ಡಬ್ಬಿಯಲ್ಲಿ ಅನೇಕ ಸಲ ಅವರ ಸಿಮ್ ಮಾತ್ರ ನಡೆಯುತ್ತದೆ. ಪರದೇಶದಲ್ಲಿರುವ ಮಗಳೋ ಅಳಿಯನೋ ತಂದುಕೊಟ್ಟಿದ್ದಾದರೆ ಬ್ಯಾಂಡ್ ನೋಡಿಕೊಳ್ಳಿ. ನಮ್ಮ ದೇಶದ 4ಜಿ ಹೆಚ್ಚಾಗಿ ಬ್ಯಾಂಡ್ 3, 5, 8, 40ರಲ್ಲಿ ನಡೆಯುತ್ತದೆ, ಬಿ.ಎಸ್.ಎನ್.ಎಲ್.ಗೆ 1 ಮತ್ತು 28 ಬೇಕು. ಬ್ಯಾಂಡ್ ಹೊಂದದ ಡಬ್ಬಿ ಎಷ್ಟು ಬೆಲೆಯದಾದರೂ ಪೇಪರ್ ವೇಟಿಗಷ್ಟೇ ಬರುತ್ತದೆ.

ಜೋಡಿಸುವ ಕ್ರಮ ಕಠಿಣವಲ್ಲ. ಹೊಸ ಸಿಮ್ಮನ್ನು ಮೊದಲು ಫೋನಿಗೆ ಹಾಕಿ, ಪರಿಶೀಲನೆಯ ಕರೆ ಮುಗಿಸಿ, ಇಂಟರ್‌ನೆಟ್ ಬರುವುದನ್ನು ನೋಡಿ, ಆಮೇಲೆ ಡಬ್ಬಿಗೆ ಹಾಕಿ. ವೈ-ಫೈ ಹೆಸರು, ಪಾಸ್‌ವರ್ಡ್ ಸಾಮಾನ್ಯವಾಗಿ ಹಿಂಬದಿಯ ಮುಚ್ಚಳದೊಳಗೆ ಅಥವಾ ಚೀಟಿಯ ಮೇಲೆ ಇರುತ್ತದೆ. ಫೋನನ್ನು ಆ ವೈ-ಫೈಗೆ ಜೋಡಿಸಿ, ಬ್ರೌಸರಿನಲ್ಲಿ ಅದೇ ಚೀಟಿಯಲ್ಲಿರುವ ವಿಳಾಸವನ್ನು (192.168.1.1 ಅಥವಾ 192.168.0.1 ಎಂಬಂಥದು) ಬರೆದರೆ ಡಬ್ಬಿಯ ಸೆಟ್ಟಿಂಗ್ ತೆರೆಯುತ್ತದೆ. ಅಲ್ಲಿ ವೈ-ಫೈ ಪಾಸ್‌ವರ್ಡನ್ನೂ ಸೆಟ್ಟಿಂಗಿನ ಪಾಸ್‌ವರ್ಡನ್ನೂ ಎರಡನ್ನೂ ಬದಲಿಸಿರಿ. ಹಲವರು ಮೊದಲನೆಯದನ್ನಷ್ಟೇ ಬದಲಿಸಿ ಸುಮ್ಮನಾಗುತ್ತಾರೆ. ಇಂಟರ್‌ನೆಟ್ ಬರದಿದ್ದರೆ ಎ.ಪಿ.ಎನ್. ಎಂಬಲ್ಲಿ ಕಂಪನಿಯ ಹೆಸರು ಸರಿಯಿದೆಯೇ ನೋಡಿ: ಜಿಯೋಗೆ ಜಿಯೋನೆಟ್, ಬಿ.ಎಸ್.ಎನ್.ಎಲ್.ಗೆ ಬಿಎಸ್‌ಎನ್‌ಎಲ್‌ನೆಟ್, ಹೀಗೆ. ಅದನ್ನು ಇಂಗ್ಲಿಷ್ ಚಿಕ್ಕ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಬರೆಯಬೇಕು.

ಗಡಿನಾಡಿನವರಾದ ನಾವು ಗಮನಿಸಬೇಕಾದದ್ದು ಇನ್ನೊಂದಿದೆ. ಒಂದು ಕಾಲದಲ್ಲಿ ಅಕ್ಕಲಕೋಟದಿಂದ ಅಫಜಲಪುರದ ಬೀಗರ ಮನೆಗೆ ಹೋದರೂ ರೋಮಿಂಗ್ ಎಂದು ದುಡ್ಡು ಕತ್ತರಿಸುತ್ತಿದ್ದರು. ದೇಶದೊಳಗೆ ಆ ಹೆಚ್ಚಿನ ಖರ್ಚು ಈಗಿಲ್ಲ. ಆದರೆ ಡಬ್ಬಿಯ ಸೆಟ್ಟಿಂಗಿನಲ್ಲಿ 'ಡೇಟಾ ರೋಮಿಂಗ್' ಎಂಬ ಗುಂಡಿ ಇನ್ನೂ ಇದೆ. ಎಷ್ಟೋ ಡಬ್ಬಿಗಳಲ್ಲಿ ಅದು ಬಂದ್ ಆಗಿಯೇ ಬರುತ್ತದೆ. ಮನೆಯಲ್ಲಿ ಚೆನ್ನಾಗಿ ನಡೆದ ಡಬ್ಬಿ ಗಡಿ ದಾಟಿದೊಡನೆ ಮೂಕವಾಗುವುದು ಇದರಿಂದ. ಉಳಿದವರಿಗೆ ಇದು ದೂರದ ಊರು ಮುಟ್ಟಿದ ಮೇಲೆ ತಿಳಿಯುತ್ತದೆ. ನಮಗಾದರೋ ಗಡಿಯ ಆಚೆಯ ಸಂತೆಗೆ ಒಮ್ಮೆ ಒಯ್ದರೆ ಪರೀಕ್ಷೆ ಮುಗಿಯಿತು.

ಡೇಟಾ ವಿಷಯದಲ್ಲಿ ಜಾಹೀರಾತಿನ ಮಾತು ಪೂರ್ತಿ ನಂಬಬೇಡಿರಿ. 'ಅನ್‌ಲಿಮಿಟೆಡ್ 5ಜಿ' ಎಂಬುದು 5ಜಿ ಸಾಧನಕ್ಕೆ, 5ಜಿ ಟವರಿನ ಕೆಳಗೆ. ಅದೇ ಸಿಮ್ 4ಜಿ ಡಬ್ಬಿಯಲ್ಲಿದ್ದರೆ ದಿನದ ಒಂದೂವರೆಯೋ ಎರಡೋ ಜಿ.ಬಿ. ಮಾತ್ರ, ಅದು ತೀರಿದ ಮೇಲೆ 64 ಕೆ.ಬಿ.ಪಿ.ಎಸ್. ವೇಗ, ಅಂದರೆ ಎತ್ತಿನಗಾಡಿ. ಲ್ಯಾಪ್‌ಟಾಪ್ ತಾನಾಗಿ ಅಪ್‌ಡೇಟ್ ಎಳೆದುಕೊಂಡರೆ ಮುಂಜಾನೆಯೇ ಎಲ್ಲ ಮುಗಿದುಹೋಗುತ್ತದೆ. ವಿಂಡೋಸ್‌ನಲ್ಲಿ ಈ ವೈ-ಫೈಯನ್ನು 'ಮೀಟರ್ಡ್' ಎಂದು ಗುರುತು ಮಾಡಿದರೆ ಬಹುಮಟ್ಟಿಗೆ ತಡೆಯುತ್ತದೆ. ಮೊಮ್ಮಕ್ಕಳ ವಿಡಿಯೋಕ್ಕೆ ಅಂಥ ಗುರುತಿಲ್ಲ. ನಮ್ಮಲ್ಲಿ ಪಾಸ್‌ವರ್ಡ್ ಸೊಸೆಯ ಕೈಯಲ್ಲಿರುತ್ತದೆ, ನನ್ನ ಕೈಯಲ್ಲಿದ್ದರೆ ಅರ್ಧ ದಿನವೂ ಗುಟ್ಟಾಗಿ ಉಳಿಯುವುದಿಲ್ಲ.

ರೈಲಿನಲ್ಲಿ ಡಬ್ಬಿಯನ್ನು ಚೀಲದೊಳಗೆ ಇಡದೆ ಕಿಟಕಿಯ ಹತ್ತಿರ ಇಡಿ. ಎ.ಸಿ. ಡಬ್ಬಿಯ ಲೋಹದ ಗೋಡೆ ರೇಂಜ್ ತಿನ್ನುತ್ತದೆ. ಎರಡು ಸ್ಟೇಶನ್ನುಗಳ ನಡುವೆ ಟವರೇ ಇಲ್ಲದ ಕಡೆ ಯಾವ ರೌಟರೂ ಏನೂ ಮಾಡಲಾರದು. ಪಾವತಿಯ ಕೆಲಸವನ್ನು ದೊಡ್ಡ ಸ್ಟೇಶನ್ನಿನಲ್ಲಿ ಗಾಡಿ ನಿಂತಾಗ ಮಾಡಿರಿ. ಆದರೆ ಸ್ಟೇಶನ್ನಿನ, ಹೋಟೆಲಿನ ಪುಕ್ಕಟೆ ವೈ-ಫೈದಲ್ಲಿ ಬ್ಯಾಂಕಿನ ವ್ಯವಹಾರ ಬೇಡ. ಅದೇ ಹೆಸರಿನ ಕಳ್ಳ ವೈ-ಫೈ ತೆರೆದು ಕೂಡುವವರಿದ್ದಾರೆ.

ಬ್ಯಾಟರಿ 6ರಿಂದ 8 ಗಂಟೆ ಎಂದು ಬರೆದಿರುತ್ತದೆ, ನಾಲ್ಕೈದು ಫೋನು ಕೂಡಿದರೆ ಅಷ್ಟು ಬಾಳುವುದಿಲ್ಲ. ಪವರ್ ಬ್ಯಾಂಕ್ ಜೊತೆಗಿರಲಿ. ವಿಮಾನದಲ್ಲಿ ಅದನ್ನು ಕೈಚೀಲದಲ್ಲೇ ಒಯ್ಯಬೇಕು. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಡಬ್ಬಿ ಬಿಡಬಾರದು. ಬ್ಯಾಟರಿ ಉಬ್ಬಿ ಮುಚ್ಚಳ ಎದ್ದಿದ್ದರೆ ಮತ್ತೆ ಚಾರ್ಜಿಗೆ ಹಾಕದೆ ಬದಲಿಸಿರಿ. ಊರಿಗೆ ಮರಳಿದ ಮೇಲೆ ಅರ್ಧ ಚಾರ್ಜು ಮಾಡಿ ತಂಪಾದ ಕಡೆ ಇಟ್ಟು, ತಿಂಗಳಿಗೊಮ್ಮೆ ಹಚ್ಚಿ ನೋಡಿ, ರೀಚಾರ್ಜ್ ತಾರೀಖನ್ನು ಅಂಗಡಿಯ ಕ್ಯಾಲೆಂಡರಿನಲ್ಲಿ ಬರೆದಿಡಿ.